ಬಾವಿಯ ತಳದ ಬಂಡೆ ಶೇಡಿಯಾಗುವುದು ಹೇಗೆ?

ಪ್ರಶ್ನೆ: ನಮ್ಮದು ಕುಂದಾಪುರದ ಕಡೆಯ ಹಳ್ಳಿ. ಈ ಬೇಸಿಗೆಯಲ್ಲಿ ಹಿತ್ತಿಲಲ್ಲಿ ಬಾವಿ ತೋಡಿಸಿದೆವು. ಮೇಲೆ ಸುಮಾರು ಹತ್ತು ಅಡಿ ಮುರಕಲ್ಲು, ಅದರ ಕೆಳಗೆ ಮೂವತ್ತು ಅಡಿಯಷ್ಟು ಮೆತ್ತಗಿನ ಶೇಡಿಮಣ್ಣು, ತಳದಲ್ಲಿ ಹಾರೆ ಕಚ್ಚದ ಕರಿಬಂಡೆ ಸಿಕ್ಕಿತು. ಶೇಡಿಯೂ ಮೊದಲು ಬಂಡೆಯೇ ಆಗಿತ್ತು ಎಂದು ಬಾವಿ ತೋಡಿದವರು ಹೇಳಿದರು. ನನಗೆ ನಂಬಿಕೆ ಬರಲಿಲ್ಲ. ಬಂಡೆ ಒಡೆಯುವುದು ಹಗಲಿನ ಬಿಸಿಲು, ರಾತ್ರಿಯ ತಂಪಿನಿಂದ ಎಂದು ಶಾಲೆಯಲ್ಲಿ ಓದಿದ್ದೆ. ನನ್ನ ಹೆಂಡತಿಯ ತವರು ಚಿತ್ರದುರ್ಗ. ಅಲ್ಲಿ ಬಂಡೆಗಳು ಬಟ್ಟಬಯಲಲ್ಲಿ ಬಿಸಿಲು ಕುಡಿದುಕೊಂಡು ನಿಂತಿದ್ದರೂ ಗಟ್ಟಿಯಾಗಿಯೇ ಇವೆ. ಇಲ್ಲಿ ನೆಲದೊಳಗೆ ಬಿಸಿಲೇ ಕಾಣದ ಬಂಡೆ ಮಣ್ಣಾಗಿದೆಯೆಂದರೆ ಹೇಗೆ? ಮುರಕಲ್ಲು ಕಡಿಯುವಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುವುದೇಕೆ? ಇನ್ನೊಂದು, ಮನೆಯ ಹಿಂದಿನ ಧರೆ (ಕಡಿದಾದ ಮಣ್ಣಿನ ದಿಬ್ಬ) ಕಡಿದು ಕೊಟ್ಟಿಗೆಗೆ ಜಾಗ ಮಾಡಿಕೊಳ್ಳಬೇಕೆಂದಿದ್ದೇನೆ. ತೊಂದರೆ ಇದೆಯೇ?

ಉತ್ತರ: ಬಾವಿ ತೋಡಿದವರು ಹೇಳಿದ್ದು ನಿಜ. ನಿಮ್ಮ ಅನುಮಾನವೂ ಸರಿಯಾದ ಜಾಗದಲ್ಲೇ ಹುಟ್ಟಿದೆ. ಬಿಸಿಲು-ತಂಪುಗಳೇ ಬಂಡೆಯನ್ನು ಮಣ್ಣು ಮಾಡುವುದಾದರೆ ಚಿತ್ರದುರ್ಗದ ಕೋಟೆ ಇಷ್ಟರಲ್ಲಿ ಮಣ್ಣಿನ ದಿಬ್ಬವಾಗಿರಬೇಕಿತ್ತು, ನಿಮ್ಮ ಹಿತ್ತಿಲಲ್ಲಿ ಒಂದು ಗೇಣು ಕೆಳಗೇ ಬಂಡೆ ಸಿಗಬೇಕಿತ್ತು. ಆಗಿರುವುದು ಅದಕ್ಕೆ ವಿರುದ್ಧ. ಏಕೆಂದರೆ ನಮ್ಮ ನಾಡಿನಲ್ಲಿ ಬಂಡೆಯನ್ನು ಕೆಡಿಸುವ ಮುಖ್ಯ ಶಕ್ತಿ ನೀರು. ಅದು ಈ ಕೆಲಸದ ಬಹುಪಾಲನ್ನು ನಮ್ಮ ಕಣ್ಣಿಗೆ ಬೀಳದಂತೆ ನೆಲದೊಳಗೇ ಮಾಡಿ ಮುಗಿಸುತ್ತದೆ.

ಮೊದಲು ಬಿಸಿಲಿನ ವಿಚಾರ ಮುಗಿಸೋಣ. ಹಗಲು-ರಾತ್ರಿಯ ತಾಪದ ಏರಿಳಿತ ನೆಲದೊಳಗೆ ಇಳಿಯುವುದು ಹೆಚ್ಚೆಂದರೆ ಎರಡು ಮೂರು ಅಡಿ. ಬೇಸಿಗೆ-ಚಳಿಗಾಲದ ಏರಿಳಿತ ಇನ್ನಷ್ಟು ಆಳಕ್ಕೆ ಹೋಗುತ್ತದೆ, ಆದರೆ ಹತ್ತು ಹದಿನೈದು ಮೀಟರ್‌ ತಲುಪುವಷ್ಟರಲ್ಲಿ ಅದೂ ಅಳತೆಗೆ ಸಿಗದಷ್ಟು ಕ್ಷೀಣವಾಗುತ್ತದೆ. ನಿಮ್ಮ ಬಾವಿಯಲ್ಲಿ ಶೇಡಿ ಇರುವುದು ಹತ್ತರಿಂದ ನಲವತ್ತು ಅಡಿ ಆಳದಲ್ಲಿ. ಅಲ್ಲಿಗೆ ಒಂದು ದಿನದ ಬಿಸಿಲೂ ಮುಟ್ಟಿಲ್ಲ. ಹೀಗಾಗಿ ಆ ಮೂವತ್ತು ಅಡಿ ಮಣ್ಣಿಗೆ ಬೇರೆಯೇ ಕಾರಣ ಹುಡುಕಬೇಕು.

1936ರಲ್ಲಿ ಡೇವಿಡ್ ಗ್ರಿಗ್ಸ್ ಎಂಬ ಅಮೆರಿಕದ ವಿಜ್ಞಾನಿ ಈ ಪ್ರಶ್ನೆಗೆ ನೇರವಾಗಿ ಕೈಹಾಕಿದ. ನುಣುಪಾಗಿ ಉಜ್ಜಿದ ಗ್ರಾನೈಟ್ ತುಂಡನ್ನು ಬಿಸಿ ಮಾಡುವುದು, ಒಣಗಾಳಿಯಲ್ಲಿ ತಣಿಸುವುದು, ಮತ್ತೆ ಬಿಸಿ ಮಾಡುವುದು: ಹೀಗೆ 89,400 ಸಲ. ದಿನಕ್ಕೊಂದು ಸಲ ಎಂದು ಲೆಕ್ಕ ಹಾಕಿದರೆ ಅದು ಸುಮಾರು 244 ವರ್ಷಗಳ ಹಗಲು-ರಾತ್ರಿ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಲ್ಲಿಗೆ ಏನೂ ಆಗಿರಲಿಲ್ಲ. ಆಮೇಲೆ ಆತ ಗಾಳಿಯ ಬದಲು ನೀರು ಸಿಂಪಡಿಸಿ ತಣಿಸಿದ. ಎರಡೂವರೆ ವರ್ಷಕ್ಕೆ ಸಮನಾದ ಸುತ್ತುಗಳಲ್ಲೇ ಮೇಲ್ಮೈ ಹೊಳಪು ಕಳೆದುಕೊಂಡು ಬಿರುಕು ಬಿಡತೊಡಗಿತು. ಒಂದು ಸಣ್ಣ ತುಂಡಿನ ಮೇಲೆ ನಡೆದ ಪ್ರಯೋಗ ಇಡೀ ಬೆಟ್ಟಕ್ಕೆ ಸಾಕ್ಷಿಯಾಗಲಾರದು ಎಂಬ ಆಕ್ಷೇಪ ಇದೆ, ಅದು ನ್ಯಾಯವಾದದ್ದೇ. ಈಚಿನ ವರ್ಷಗಳಲ್ಲಿ ಬಯಲಿನ ಬಂಡೆಗಳಿಗೆ ಸೂಕ್ಷ್ಮ ಶಬ್ದಗ್ರಾಹಿಗಳನ್ನು ಅಂಟಿಸಿ ಕೇಳಿದವರಿಗೆ, ತಾಪ ದಿಢೀರನೆ ಬದಲಾಗುವ ಹೊತ್ತಿನಲ್ಲಿ ಸಣ್ಣಸಣ್ಣ ಬಿರುಕುಗಳು ಮೂಡುವ ಸದ್ದು ಸಿಕ್ಕಿದೆ. ಆದ್ದರಿಂದ ಬಿಸಿಲಿನ ಪಾತ್ರವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಬಿಸಿಲು ಬಿರುಕು ತೆರೆಯಬಲ್ಲದು, ಆದರೆ ಕಲ್ಲನ್ನು ಜೇಡಿಯಾಗಿಸಲಾರದು. ಶಾಲೆಯ ಪಾಠದಲ್ಲಿ ಕೊರತೆ ಇರುವುದು ಇಲ್ಲಿಯೇ. ಒಡೆಯುವುದು ಬೇರೆ, ಬದಲಾಗುವುದು ಬೇರೆ. ಗ್ರಾನೈಟನ್ನು ಎಷ್ಟೇ ಸಣ್ಣಗೆ ಒಡೆದರೂ ಅದು ಗ್ರಾನೈಟ್ ಪುಡಿಯೇ. ಜಲ್ಲಿ ಕ್ರಷರಿನ ದೂಳನ್ನು ನೀರಿಗೆ ಕಲಸಿ ಗಣಪತಿ ಮಾಡಲು ಬರುವುದಿಲ್ಲ.

ಒಡೆಯುವ ವಿಚಾರಕ್ಕೆ ಇನ್ನೊಂದು ಮಾತು ಸೇರಿಸಬೇಕು. ಈಗ ನಾವು ನಿಂತು ನೋಡುವ ಗ್ರಾನೈಟ್ ಮತ್ತು ನೈಸ್ ಶಿಲೆಗಳು ಹುಟ್ಟಿದ್ದು ಹಲವು ಕಿಲೋಮೀಟರ್ ಆಳದಲ್ಲಿ, ಮೇಲಿನ ಅಗಾಧ ಭಾರದ ಕೆಳಗೆ. ಕೋಟ್ಯಂತರ ವರ್ಷಗಳಲ್ಲಿ ಮೇಲಿನ ಹೊದಿಕೆ ಸವೆದು ಹೋದಂತೆ ಭಾರ ಇಳಿಯುತ್ತದೆ, ಬಂಡೆ ಹಿಗ್ಗುತ್ತದೆ, ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಪದರು ಪದರಾಗಿ ಬಿಡುತ್ತದೆ. ಸಾವನದುರ್ಗದಲ್ಲಿ, ಮಧುಗಿರಿಯಲ್ಲಿ ಬೆಟ್ಟದ ಮೈಯಿಂದ ಬಾಗಿದ ಚಪ್ಪಡಿಗಳು ಎದ್ದಿರುವುದನ್ನು ನೋಡಬಹುದು. ಬೆಂಗಳೂರು, ಮೈಸೂರು ಸೀಮೆಯ ಕಲ್ಲುಕುಟಿಗರು ಬಂಡೆಯ ಮೇಲೆ ಸೌದೆಯ ಬೆಂಕಿ ಹಚ್ಚಿ, ಅದನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಸುತ್ತ, ಸುತ್ತಿಗೆ ಬಡಿದು ಸದ್ದು ಕೇಳಿಕೊಂಡು ಅಗಲವಾದ ಚಪ್ಪಡಿಗಳನ್ನು ಎಬ್ಬಿಸುತ್ತಿದ್ದುದು ಬಂಡೆಯ ಈ ಗುಣವನ್ನು ಬಳಸಿಕೊಂಡೇ. ಬೆಂಕಿಯ ಬಿಸಿ ಮೇಲಿನ ಕೆಲವು ಅಂಗುಲಗಳನ್ನಷ್ಟೇ ಹಿಗ್ಗಿಸುತ್ತದೆ. ಆಗ ಅದು ಅಡಿಯ ತಣ್ಣನೆಯ ಬಂಡೆಯಿಂದ ಬಿಟ್ಟುಕೊಳ್ಳುತ್ತದೆ. ಯಾವ ಗ್ರಂಥವನ್ನೂ ಓದದೆ ಕಲ್ಲಿನ ಒಳಗಿನ ಬಿಗಿತವನ್ನು ಕಿವಿಯಿಂದಲೇ ಅಳೆಯುತ್ತಿದ್ದ ಆ ಕೆಲಸಗಾರರ ಬಗ್ಗೆ ನನಗೆ ಅಪಾರ ಗೌರವವಿದೆ. ಹಿಮಾಲಯದಲ್ಲಾದರೆ ಬಿರುಕಿನ ನೀರು ಹೆಪ್ಪುಗಟ್ಟಿ, ನೂರಕ್ಕೆ ಒಂಬತ್ತರಷ್ಟು ಹಿಗ್ಗಿ ಬಂಡೆ ಸೀಳುತ್ತದೆ. ನಮ್ಮಲ್ಲಿ ಅದರ ಮಾತಿಲ್ಲ.

ಈಗ ನಿಮ್ಮ ಬಾವಿಗೆ ಬರೋಣ. ತೋಡಿದ ಮಣ್ಣಿನ ರಾಶಿ ಇನ್ನೂ ಪಕ್ಕದಲ್ಲೇ ಬಿದ್ದಿರಬೇಕು. ಅದನ್ನು ಸಾಗಿಸುವ ಮೊದಲು ಒಂದು ಗಂಟೆ ಅದರ ಬಳಿ ಕುಳಿತುಕೊಳ್ಳಿ. ತಳದಿಂದ ಬಂದ ಕರಿಬಂಡೆಯ ಚೂರೊಂದನ್ನು ತೆಗೆದುಕೊಂಡು ಒಡೆದ ಮೈಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ. ಬಿಳಿ ಅಥವಾ ತುಸು ಗುಲಾಬಿ ಕಣಗಳಲ್ಲಿ ಕೆಲವು ಚಪ್ಪಟೆ ಮುಖದಿಂದ ಫಳ್ಳನೆ ಹೊಳೆಯುತ್ತವೆ. ಅವು ಫೆಲ್ಡ್‌ಸ್ಪಾರ್. ಬೂದುಬಣ್ಣದ, ಒಡೆದ ಗಾಜಿನ ಹೊಳಪಿನವು ಬೆಣಚು. ಕಪ್ಪು ಹಾಳೆಗಳು ಬಯೋಟೈಟ್ ಎಂಬ ಅಭ್ರಕ. ಬಿಳುಪು ಮತ್ತು ಕಪ್ಪು ಪಟ್ಟೆಗಳಾಗಿ ಜೋಡಿಸಿಕೊಂಡಿದ್ದರೆ ಅದು ನೈಸ್. ಕರಾವಳಿಯಿಂದ ಬೆಂಗಳೂರಿನ ಲಾಲ್‌ಬಾಗ್ ಬಂಡೆಯವರೆಗೆ ನಮ್ಮ ಕಾಲಡಿಯಲ್ಲಿ ಬಹುಮಟ್ಟಿಗೆ ಹರಡಿರುವ, ಸುಮಾರು 300 ಕೋಟಿ ವರ್ಷ ಹಳೆಯ ಶಿಲೆ.

ಮುಂದೆ, ಬಂಡೆ ಮತ್ತು ಶೇಡಿ ಕೂಡುವ ಮಟ್ಟದಿಂದ ಬಂದ ಹೆಂಟೆಯೊಂದನ್ನು ಹುಡುಕಿ. ಅದು ಇನ್ನೂ ಕಲ್ಲಿನಂತೆಯೇ ಕಾಣುತ್ತದೆ, ಪಟ್ಟೆಗಳೂ ಇವೆ, ಆದರೆ ಕೈಯಲ್ಲಿ ಹಿಡಿದರೆ ಹಗುರ. ಫೆಲ್ಡ್‌ಸ್ಪಾರಿನ ಹೊಳಪು ಹೋಗಿ ಸೀಮೆಸುಣ್ಣದ ಮಂಕು ಬಂದಿದೆ, ಉಗುರಿನಿಂದ ಕೆರೆದರೆ ಬಿಳಿ ಹುಡಿ ಉದುರುತ್ತದೆ. ಅಭ್ರಕ ಕಂದುಬಣ್ಣಕ್ಕೆ ತಿರುಗಿ ಅದರ ಸುತ್ತ ತುಕ್ಕಿನ ಕಲೆ ಹರಡಿದೆ. ಬೆಣಚಿನ ಹರಳು ಮಾತ್ರ ಇದ್ದ ಹಾಗೇ ಇದೆ. ಹೆಂಟೆಯನ್ನು ಎರಡು ಕೈಯಲ್ಲಿ ಒತ್ತಿದರೆ ಪುಡಿಪುಡಿ. ತೇವ ಆರುವ ಮೊದಲು ಬಾವಿಯ ಗೋಡೆಯನ್ನು ನೋಡಲು ಸಾಧ್ಯವಾದರೆ ಅಲ್ಲಿ ಇನ್ನೂ ಸ್ಪಷ್ಟವಾದ ಸಾಕ್ಷಿ ಇದೆ. ಕೆಳಗಿನ ಬಂಡೆಯಲ್ಲಿರುವ ಬೆಣಚಿನ ಬಿಳಿ ಎಳೆಯೊಂದು ಎಲ್ಲಿಯೂ ತುಂಡಾಗದೆ ಶೇಡಿಯೊಳಗೆ ಹಲವು ಅಡಿ ಮೇಲಕ್ಕೆ ಹೋಗಿರುತ್ತದೆ. ಹೊಳೆಯೋ ಕಡಲೋ ತಂದು ಸುರಿದ ಮಣ್ಣಾಗಿದ್ದರೆ ಆ ಎಳೆ ಅಲ್ಲಿ ಉಳಿಯುವ ಸಂಭವವೇ ಇರಲಿಲ್ಲ. ಶೇಡಿ ಎಲ್ಲಿಂದಲೂ ಬಂದದ್ದಲ್ಲ. ಆ ಬಂಡೆಯೇ ತಾನಿದ್ದ ಜಾಗದಲ್ಲಿ, ತನ್ನ ಗಾತ್ರವನ್ನೂ ಪಟ್ಟೆಗಳನ್ನೂ ಉಳಿಸಿಕೊಂಡು, ಒಳಗೊಳಗೇ ಮಣ್ಣಾಗಿದೆ. ಗೆದ್ದಲು ತಿಂದ ತೊಲೆಯನ್ನು ನೆನಪಿಸಿಕೊಳ್ಳಿ: ಹೊರಗೆ ಉದ್ದಗಲ, ಬಣ್ಣ ಎಲ್ಲ ಹಾಗೇ ಇರುತ್ತದೆ, ಬೆರಳಿಟ್ಟರೆ ಕುಸಿಯುತ್ತದೆ. ಗಟ್ಟಿ ನೈಸಿನ ಸಾಂದ್ರತೆ ನೀರಿನ ಸುಮಾರು 2.7 ಪಟ್ಟು. ಹೀಗೆ ಕೊಳೆತ ಬಂಡೆಯದು ಒಣಗಿದಾಗ 2ಕ್ಕಿಂತಲೂ ಕಡಿಮೆಗೆ ಇಳಿಯಬಹುದು. ಗಾತ್ರ ಅಷ್ಟೇ ಇದ್ದು ತೂಕ ಮೂರನೇ ಒಂದರಷ್ಟು ಹೋಗಿದೆ ಎಂದಾಯಿತು. ಹೋದದ್ದು ನೀರಿನ ಜೊತೆ.

ನೀರು ಇದನ್ನು ಮಾಡುವುದು ಹೇಗೆ? ಮಳೆಹನಿ ಗಾಳಿಯಲ್ಲಿ ಇಳಿಯುವಾಗಲೇ ಸ್ವಲ್ಪ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಹುಳಿಯಾಗುತ್ತದೆ. ಮಾಲಿನ್ಯವಿಲ್ಲದ ಮಳೆನೀರಿನ ಪಿಎಚ್ ಸುಮಾರು 5.6. ನಿಜವಾದ ಹುಳಿ ಸೇರುವುದು ಮಣ್ಣಿನೊಳಗೆ. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಮಣ್ಣಿನ ಸಂದುಗಳ ಗಾಳಿಯಲ್ಲಿ ಈ ಅನಿಲ ಹೊರಗಿನ ಗಾಳಿಗಿಂತ ಹತ್ತರಿಂದ ನೂರು ಪಟ್ಟು ಹೆಚ್ಚಿರುತ್ತದೆ. ಜೊತೆಗೆ ಕೊಳೆತ ಎಲೆಗಳ ಆಮ್ಲಗಳೂ ಇವೆ. ಈ ನೀರು ಬಂಡೆಯ ಸಂದಿಗೆ ಇಳಿದು ಫೆಲ್ಡ್‌ಸ್ಪಾರನ್ನು ಮುಟ್ಟಿದಾಗ ಅದರಲ್ಲಿರುವ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂಗಳನ್ನು ಒಂದೊಂದಾಗಿ ಕಿತ್ತು, ಆ ಜಾಗಕ್ಕೆ ಹೈಡ್ರೋಜನ್ನನ್ನು ಕೂರಿಸುತ್ತದೆ. ಸಿಲಿಕಾನ್ ಮತ್ತು ಆಮ್ಲಜನಕ ಕೂಡಿದ ಸಿಲಿಕಾದ ಬಹುಪಾಲೂ ಕರಗಿ ಹೊರಡುತ್ತದೆ. ಪೊಟ್ಯಾಷ್ ಫೆಲ್ಡ್‌ಸ್ಪಾರಿನ ಲೆಕ್ಕ ಹೀಗಿದೆ: ಆರು ಪಾಲು ಸಿಲಿಕಾದಲ್ಲಿ ನಾಲ್ಕು ಪಾಲು ನೀರಿನೊಂದಿಗೆ ಹೋಗಿ, ಎರಡು ಪಾಲು ಮಾತ್ರ ಅಲ್ಯುಮಿನಿಯಂ ಜೊತೆ ಉಳಿದುಕೊಳ್ಳುತ್ತದೆ. ಹಾಗೆ ಉಳಿದದ್ದೇ ಕೇಯೊಲಿನೈಟ್ ಎಂಬ ಬಿಳಿ ಜೇಡಿ. ನಿಮ್ಮ ಶೇಡಿಯ ಬಿಳುಪು ಬಂದದ್ದು ಇದರಿಂದ. ನಿಮ್ಮೂರ ಕಡೆ ಹಬ್ಬಕ್ಕೆ ಗೋಡೆಯ ಮೇಲೆ ಶೇಡಿಯಲ್ಲಿ ಚಿತ್ರ ಬರೆಯುವ ಅಜ್ಜಿಯಂದಿರು ಇನ್ನೂ ಇದ್ದರೆ, ಅವರ ಬೆರಳಿಗೆ ಅಂಟುವುದು ಒಂದು ಕಾಲದಲ್ಲಿ ಉಕ್ಕಿನ ಚಾಕುವಿಗೂ ಜಗ್ಗದಿದ್ದ ಫೆಲ್ಡ್‌ಸ್ಪಾರ್.

ಎಲ್ಲ ಖನಿಜಗಳೂ ಒಂದೇ ವೇಗದಲ್ಲಿ ಕೆಡುವುದಿಲ್ಲ. ಸ್ಯಾಮ್ಯುಯೆಲ್ ಗೋಲ್ಡಿಚ್ ಎಂಬ ಅಮೆರಿಕದ ಭೂವಿಜ್ಞಾನಿ 1938ರಲ್ಲಿ ಇದರ ಕ್ರಮವನ್ನು ತೋರಿಸಿಕೊಟ್ಟ. ಶಿಲಾಪಾಕ ತಣಿಯುವಾಗ ಹೆಚ್ಚು ಬಿಸಿಯಲ್ಲಿ ಮೊದಲು ಹರಳುಗಟ್ಟಿದವು ನೆಲದ ಮೇಲೆ ಮೊದಲು ಕೆಡುತ್ತವೆ, ಕೊನೆಗೆ ಹರಳುಗಟ್ಟಿದವು ಕೊನೆಯವರೆಗೂ ತಾಳುತ್ತವೆ. ಒಲಿವಿನ್, ಪೈರಾಕ್ಸೀನ್ ಎಂಬ ಖನಿಜಗಳು ಬೇಗ ಹೋಗುತ್ತವೆ. ಕ್ಯಾಲ್ಸಿಯಂ ಫೆಲ್ಡ್‌ಸ್ಪಾರ್ ಸೋಡಿಯಂನದಕ್ಕಿಂತ ಮೊದಲು, ಪೊಟ್ಯಾಸಿಯಂನದು ಅವೆರಡಕ್ಕಿಂತ ತಡವಾಗಿ. ಬೆಣಚು ಎಲ್ಲಕ್ಕಿಂತ ಕೊನೆಗೆ. ಬೇರೆಲ್ಲ ಖನಿಜಗಳು ದಾರಿಯಲ್ಲಿ ಕರಗಿ ಮುಗಿದ ಮೇಲೂ ಉಳಿದದ್ದಾದ್ದರಿಂದ ನಮ್ಮ ಹೊಳೆಗಳ ಮರಳು ಬಹುಪಾಲು ಬೆಣಚೇ ಆಗಿದೆ. ಈ ಕ್ರಮದಲ್ಲಿ ನಾನು ಹೆಚ್ಚು ಗಮನಿಸುವುದು ಬಯೋಟೈಟನ್ನು. ಅದರೊಳಗಿನ ಕಬ್ಬಿಣಕ್ಕೆ ಆಮ್ಲಜನಕ ತಗಲಿದಾಗ ಹಾಳೆಗಳು ತುಸು ಉಬ್ಬುತ್ತವೆ. ಉಬ್ಬು ಅತ್ಯಲ್ಪ, ಆದರೆ ಸಾವಿರಾರು ಹಾಳೆಗಳು ಒಟ್ಟಿಗೆ ಉಬ್ಬಿದರೆ ಸುತ್ತಲಿನ ಗಟ್ಟಿ ಹರಳುಗಳ ನಡುವೆ ಬಿರುಕು ಬೀಳುತ್ತದೆ, ಆ ಬಿರುಕಿನಲ್ಲಿ ಮತ್ತಷ್ಟು ನೀರು ಇಳಿಯುತ್ತದೆ. ಬಯಲುಸೀಮೆಯಲ್ಲಿ ರಸ್ತೆಗೆ ಹಾಕುವ ಗರಸು ಹೆಚ್ಚಾಗಿ ಹೀಗೆ ಹರಳು ಹರಳಾಗಿ ಬಿಟ್ಟುಕೊಂಡ ಗ್ರಾನೈಟೇ.

ಚಿತ್ರದುರ್ಗದ ಬಂಡೆಗಳು ಏಕೆ ಉಳಿದವು ಎಂಬ ಪ್ರಶ್ನೆಗೆ ಈಗ ಬರಬಹುದು. ಅಲ್ಲಿನ ಗ್ರಾನೈಟಿಗೆ ಸುಮಾರು 260 ಕೋಟಿ ವರ್ಷ. ನಿಮ್ಮ ಊರಿನ ನೈಸಿನಲ್ಲಿರುವ ಖನಿಜಗಳೇ ಅದರಲ್ಲೂ ಇವೆ. ವ್ಯತ್ಯಾಸ ಮೊದಲನೆಯದಾಗಿ ಮಳೆಯದು. ಕುಂದಾಪುರದ ಕಡೆ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು, ಚಿತ್ರದುರ್ಗದಲ್ಲಿ 600ರ ಆಸುಪಾಸು. ಅಲ್ಲಿ ಬಿದ್ದ ಮಳೆಯ ಬಹುಪಾಲು ಆವಿಯಾಗಿ ಹೋಗುತ್ತದೆ, ಬಂಡೆಯ ಸಂದುಗಳನ್ನು ತೊಳೆದುಕೊಂಡು ಆಳಕ್ಕೆ ಇಳಿಯುವ ನೀರು ತೀರಾ ಕಡಿಮೆ. ಎರಡನೆಯದು ಇದಕ್ಕಿಂತ ಸ್ವಾರಸ್ಯದ್ದು: ಬೋಳು ಬಂಡೆ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಮಳೆ ಬಿದ್ದರೆ ನೀರು ಜಾರಿ ಹೋಗುತ್ತದೆ, ಅರ್ಧ ಗಂಟೆಯ ಬಿಸಿಲಿಗೆ ಮೈ ಒಣಗುತ್ತದೆ. ನೀರಿನ ಸಂಪರ್ಕ ವರ್ಷದಲ್ಲಿ ಕೆಲವೇ ದಿನ. ಮಣ್ಣು ಹೊದ್ದ ಬಂಡೆಗೆ ಆ ಸೌಕರ್ಯವಿಲ್ಲ. ಮೇಲಿನ ಮಣ್ಣು ತೇವವನ್ನು ತಿಂಗಳುಗಟ್ಟಲೆ ಹಿಡಿದಿಟ್ಟು, ಹುಳಿನೀರನ್ನು ಒಂದೇ ಸಮನೆ ಬಂಡೆಯ ಮೈಗೆ ಒತ್ತುತ್ತಲೇ ಇರುತ್ತದೆ. ನೀವು ಬಂಡೆಗೆ ರಕ್ಷಣೆ ಎಂದುಕೊಂಡದ್ದೇ ಅದರ ನಾಶಕ್ಕೆ ಕಾರಣ. ಬೋಳು ಬಂಡೆಯ ಮೇಲೆ ಕಲ್ಲುಹೂವು ಬೆಳೆದು ತನ್ನ ಆಮ್ಲದಿಂದ ಮೇಲ್ಮೈಯನ್ನು ತುಸು ಕೆರೆಯುತ್ತದೆ, ನಿಜ. ಆದರೆ ಅದು ಮಿಲಿಮೀಟರುಗಳ ಲೆಕ್ಕ.

ಹಾಗೆಂದು ಚಿತ್ರದುರ್ಗದ ಬಂಡೆಗಳು ಅಥವಾ ಹಂಪಿಯ ಗುಂಡುಗಳು ಬಿಸಿಲಲ್ಲೇ ಆ ರೂಪ ಪಡೆದವು ಎಂದುಕೊಳ್ಳಬೇಡಿ. ಹಂಪಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ದುಂಡು ಬಂಡೆಗಳು ದುಂಡಗಾದದ್ದು ಬಹುಪಾಲು ನೆಲದೊಳಗೆ. ಸುಮಾರು 250 ಕೋಟಿ ವರ್ಷ ಹಿಂದಿನ ಆ ಗ್ರಾನೈಟಿನಲ್ಲಿ ಉದ್ದ, ಅಡ್ಡ, ಮಟ್ಟಸವಾಗಿ ಬಿರುಕುಗಳಿದ್ದವು. ಅವು ಬಂಡೆಯನ್ನು ಚೌಕಾಕಾರದ ದೊಡ್ಡ ತುಂಡುಗಳಾಗಿ ವಿಂಗಡಿಸಿದ್ದವು. ನೀರು ಈ ಬಿರುಕುಗಳ ಗುಂಟ ಇಳಿದಾಗ ತುಂಡಿನ ಚಪ್ಪಟೆ ಮೈಗೆ ಒಂದು ಕಡೆಯಿಂದ ಮಾತ್ರ ದಾಳಿ, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಮೂಲೆಗಳು ಮೊದಲು ಕೊಳೆತವು, ಆಮೇಲೆ ಅಂಚುಗಳು, ನಡುವಿನ ತಿರುಳು ದುಂಡಗೆ ಉಳಿಯಿತು. ಬಹುಕಾಲದ ನಂತರ ಮೇಲಿನ ಮೆತ್ತಗಿನ ಮಣ್ಣು ಮಳೆಗೆ ಕೊಚ್ಚಿಹೋದಾಗ ತಿರುಳುಗಳು ತಾವಿದ್ದ ಜಾಗದಲ್ಲೇ ಒಂದರ ಮೇಲೊಂದು ಕುಳಿತವು. ಬಿರುಕು ದಟ್ಟವಾಗಿದ್ದ ಕಡೆ ಎಲ್ಲವೂ ಕೊಳೆತು ಹೊಲಗದ್ದೆಗಳ ತಗ್ಗಾಯಿತು, ಬಿರುಕು ವಿರಳವಾಗಿದ್ದ ಕಡೆ ಬೆಟ್ಟ ಉಳಿಯಿತು. ಬೆಂಗಳೂರು-ಮೈಸೂರು ಹೆದ್ದಾರಿಯ ಪಕ್ಕದಲ್ಲಾಗಲಿ, ಕೋಲಾರದ ಕಡೆಯಲ್ಲಾಗಲಿ ಹೊಸದಾಗಿ ಗುಡ್ಡ ಕಡಿದ ಜಾಗ ಕಂಡರೆ ಇಳಿದು ನೋಡಿ. ಕೆಂಪು ಗರಸಿನೊಳಗೆ ಇನ್ನೂ ಹೂತೇ ಇರುವ, ಈರುಳ್ಳಿ ಸಿಪ್ಪೆಯ ರೀತಿ ಪದರು ಬಿಟ್ಟಿರುವ ಗುಂಡುಗಳು ಸಿಗುತ್ತವೆ. ಹಂಪಿಯ ಹಿಂದಿನ ಸ್ಥಿತಿ ಅದು.

ಮುರಕಲ್ಲಿನ ಕತೆ ಇದರ ಮುಂದಿನ ಹಂತ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸುತ್ತಾಡಿ 1807ರಲ್ಲಿ ಪ್ರಕಟಿಸಿದ ಪ್ರವಾಸ ವರದಿಯಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಇಂದು ಜಗತ್ತಿನ ಎಲ್ಲ ಭೂವಿಜ್ಞಾನಿಗಳೂ ಬಳಸುವ ಹೆಸರದು. ನೀವು ಕೇಳಿದ ವಿಚಿತ್ರ ಗುಣವನ್ನೂ ಆತ ದಾಖಲಿಸಿದ: ನೆಲದಲ್ಲಿರುವಾಗ ಕಬ್ಬಿಣದ ಸಲಕರಣೆಯಿಂದ ಸುಲಭವಾಗಿ ಕಡಿಯಬಹುದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ಇದಕ್ಕೆ ಕಾರಣ ಕಬ್ಬಿಣ. ಶೇಡಿಯ ಮಟ್ಟದಲ್ಲಿ ಮಳೆಗಾಲದಲ್ಲಿ ನೀರು ತುಂಬಿ ಆಮ್ಲಜನಕ ಕಡಿಮೆಯಾದಾಗ ಕಬ್ಬಿಣ ನೀರಿನಲ್ಲಿ ಕರಗುವ ರೂಪಕ್ಕೆ ತಿರುಗುತ್ತದೆ. ನೀರಿನ ಮಟ್ಟ ಏರಿಳಿಯುವ ಪದರಿನಲ್ಲಿ ಅದಕ್ಕೆ ಮತ್ತೆ ಗಾಳಿ ತಗಲಿದಾಗ ತುಕ್ಕಾಗಿ ಕೂರುತ್ತದೆ. ಹೊಸ ಬಾವಿಯ ನೀರಿನ ಮೇಲೆ ಕೆಲವೊಮ್ಮೆ ಕಾಣುವ ಕಂದುಬಣ್ಣದ ತೆಳು ಪೊರೆಯೂ ಇದೇ. ಸಾವಿರ ಸಾವಿರ ಮಳೆಗಾಲ ಹೀಗೆ ನಡೆದಾಗ ಕೆಳಗಿನ ಪದರು ಬಿಳಿಚಿಕೊಳ್ಳುತ್ತದೆ, ಮೇಲಿನದು ಕಬ್ಬಿಣ ತುಂಬಿಕೊಂಡು ಕೆಂಪಾಗುತ್ತದೆ. ನಿಮ್ಮ ಬಾವಿಯ ಮೇಲಿನ ಹತ್ತು ಅಡಿ ಮತ್ತು ಕೆಳಗಿನ ಮೂವತ್ತು ಅಡಿ ಎರಡೂ ಒಂದೇ ಬಂಡೆಯಿಂದ ಬಂದವು, ಕಬ್ಬಿಣ ಕಳೆದುಕೊಂಡದ್ದು ಒಂದು, ಗಳಿಸಿಕೊಂಡದ್ದು ಇನ್ನೊಂದು. ನೆಲದಲ್ಲಿರುವಾಗ ಈ ಕಬ್ಬಿಣದ ಸಂಯುಕ್ತಗಳಲ್ಲಿ ನೀರು ಸೇರಿಕೊಂಡಿರುತ್ತದೆ, ಹರಳುಗಟ್ಟುವಿಕೆ ಅರೆಬರೆ. ಕೋರೆಯಿಂದ ಕಡಿದು ಬಿಸಿಲಿಗೆ ಹಾಕಿದಾಗ ನೀರು ಹೋಗಿ, ಗೋಥೈಟ್ ಮತ್ತು ಹೆಮಟೈಟ್ ಎಂಬ ಕಬ್ಬಿಣದ ಖನಿಜಗಳ ಹರಳುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಆಮೇಲೆ ನೀರಿನಲ್ಲಿ ನೆನೆಸಿದರೂ ಅದು ಹಿಂದಿನ ಸ್ಥಿತಿಗೆ ಬರುವುದಿಲ್ಲ. ಹೊಸದಾಗಿ ಕಡಿದ ಕಲ್ಲನ್ನು ಒಂದಷ್ಟು ಕಾಲ ಬಿಸಿಲಿಗೆ ಬಿಟ್ಟು ಗೋಡೆ ಕಟ್ಟಬೇಕೆಂಬ ಹಿರಿಯರ ಮಾತು ವಿಜ್ಞಾನಕ್ಕೆ ಸಮ್ಮತವಾದದ್ದು. ಕೊಟ್ಟಿಗೆ ಕಟ್ಟುವಾಗ ಅವಸರ ಮಾಡಬೇಡಿ.

ಮಳೆ ಎಷ್ಟು ನಿರ್ಣಾಯಕ ಎಂಬುದನ್ನು ನೋಡಬೇಕಾದರೆ ಬೆಳಗಾವಿ ಜಿಲ್ಲೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅಲ್ಲಿನ ಉತ್ತರ ಮತ್ತು ಪಶ್ಚಿಮದ ಬಹುಭಾಗದಲ್ಲಿ ಅಡಿಯಲ್ಲಿರುವುದು ಸುಮಾರು 6.6 ಕೋಟಿ ವರ್ಷ ಹಿಂದೆ ಹರಿದ ದಖನ್ ಲಾವಾ, ಅಂದರೆ ಬಸಾಲ್ಟ್. ಸಹ್ಯಾದ್ರಿಯ ನೆತ್ತಿಯ ಕಡೆ, ಮಳೆ ಸುರಿಯುವಲ್ಲಿ, ಈ ಕಪ್ಪು ಕಲ್ಲು ಕೆಂಪು ಜಂಬಿಟ್ಟಿಗೆ, ಅಂದರೆ ನಿಮ್ಮ ಮುರಕಲ್ಲು, ಆಗಿದೆ. ನೀರು ಇನ್ನೂ ಹೆಚ್ಚು ತೊಳೆದ ಕಡೆ ಜೇಡಿಯಲ್ಲಿದ್ದ ಕೊನೆಯ ಸಿಲಿಕಾವೂ ಹೋಗಿ ಅಲ್ಯುಮಿನಿಯಂ ಅದಿರಾದ ಬಾಕ್ಸೈಟ್ ಉಳಿದಿದೆ. ಪೂರ್ವಕ್ಕೆ ಅಥಣಿಯ ಕಡೆ, ಮುಂದೆ ವಿಜಯಪುರದ ಕಡೆ ಹೋಗಿ. ಕಲ್ಲು ಅದೇ, ಮಳೆ ಮಾತ್ರ ಕಡಿಮೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕಾಗಳನ್ನು ಸಾಗಿಸಲು ಅಲ್ಲಿನ ನೀರು ಸಾಲದು. ಅವು ಅಲ್ಲೇ ಉಳಿದು ಮಾಂಟ್‌ಮೊರಿಲೊನೈಟ್ ಎಂಬ ಬೇರೆ ಜೇಡಿಯಾಗಿ ಕೂಡಿಕೊಂಡಿವೆ. ತನ್ನ ಪದರುಗಳ ನಡುವೆ ನೀರು ಹೀರಿ ಉಬ್ಬುವ, ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಡುವ ಆ ಜೇಡಿಯಿಂದಲೇ ಎರೆಭೂಮಿಗೆ ಅದರ ಗುಣ ಬಂದಿದೆ. ಹಿಂಗಾರಿ ಜೋಳ ಮಳೆಯಿಲ್ಲದೆಯೂ ಹಿಡಿದಿಟ್ಟ ತೇವದಲ್ಲೇ ಬೆಳೆಯುವುದು, ಅದೇ ನೆಲದಲ್ಲಿ ಕಟ್ಟಿದ ಮನೆಯ ಗೋಡೆ ಬಿರುಕು ಬಿಡುವುದು, ಎರಡಕ್ಕೂ ಕಾರಣ ಒಂದೇ.

ಬಂಡೆಯಿಂದ ಹೊರಟ ಲವಣಗಳು ಎಲ್ಲಿಗೆ ಹೋಗುತ್ತವೆ ಎಂಬುದೂ ನಮ್ಮ ದಿನನಿತ್ಯದ ಬದುಕಿಗೆ ಸಂಬಂಧಿಸಿದ್ದು. ಕರಾವಳಿಯಲ್ಲಿ ಅವು ನೀರಿನೊಂದಿಗೆ ಹೊಳೆ ಸೇರಿ ಕಡಲಿಗೆ ಹೋಗುತ್ತವೆ. ನಿಮ್ಮ ಬಾವಿಯ ನೀರು ಮೆದುವಾಗಿರುವುದು, ಸೋಪು ಚೆನ್ನಾಗಿ ನೊರೆ ಬರುವುದು ಅದಕ್ಕೇ. ಬಯಲುಸೀಮೆಯಲ್ಲಿ ನೀರು ಆವಿಯಾಗಿ ಕ್ಯಾಲ್ಸಿಯಂ ಸುಣ್ಣದ ಗಂಟುಗಳಾಗಿ ಮಣ್ಣಿನಲ್ಲೇ ಕೂರುತ್ತದೆ. ಅಂಥ ಗಂಟಿನ ಮೇಲೆ ನಿಂಬೆರಸ ಹಿಂಡಿದರೆ ನೊರೆ ಏಳುತ್ತದೆ. ಇದರಲ್ಲಿ ಒಂದು ಕೆಡುಕೂ ಅಡಗಿದೆ. ಗ್ರಾನೈಟಿನ ಅಭ್ರಕ, ಅಪಟೈಟ್ ಮುಂತಾದ ಖನಿಜಗಳಲ್ಲಿ ಫ್ಲೋರೈಡ್ ಇದೆ. ನೀರಿನಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇದ್ದರೆ ಫ್ಲೋರೈಡನ್ನು ಅದು ಹಿಡಿದು ಕೂರಿಸುತ್ತದೆ. ಕ್ಯಾಲ್ಸಿಯಂ ಸುಣ್ಣವಾಗಿ ಕಳೆದುಹೋದ ನೀರಿನಲ್ಲಿ ಫ್ಲೋರೈಡ್ ಕರಗಿಯೇ ಉಳಿಯುತ್ತದೆ. ಪಾವಗಡದಲ್ಲಿ, ಕೋಲಾರ ಜಿಲ್ಲೆಯಲ್ಲಿ ಆಳದ ಕೊಳವೆಬಾವಿಗಳ ನೀರು ಕುಡಿದು ಮಕ್ಕಳ ಹಲ್ಲು ಕಂದುಗಟ್ಟಿದ್ದರ, ದೊಡ್ಡವರ ಕೀಲು ಹಿಡಿದುಕೊಂಡದ್ದರ ಹಿಂದೆ ಈ ರಸಾಯನವಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು. ಬಂಡೆ ಕರಗುವ ವಿಷಯ ಪರೀಕ್ಷೆಗೆ ಓದಿ ಮರೆಯುವಂಥದ್ದಲ್ಲ ಎಂದು ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುವುದು ಇದನ್ನು ಕಂಡ ಮೇಲೆಯೇ.

ಇನ್ನು ಕಾಲದ ಲೆಕ್ಕ. ಬಂಡೀಪುರ ಅರಣ್ಯದ ಮೂಲೆಹೊಳೆ ಬಳಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಜೊತೆಗೂಡಿ, ನಾಲ್ಕು ಚದರ ಕಿಲೋಮೀಟರಿಗೆ ತುಸು ಹೆಚ್ಚಿನ ಒಂದು ಕಾಡುಹಳ್ಳದ ಜಲಾನಯನವನ್ನು ವರ್ಷಗಳಿಂದ ಅಳೆಯುತ್ತಿದ್ದಾರೆ. ಬಿದ್ದ ಮಳೆಯಲ್ಲಿ ಏನಿತ್ತು, ಹೊರಟ ನೀರಿನಲ್ಲಿ ಏನಿದೆ, ನಡುವೆ ಬಂಡೆ ಏನನ್ನು ಕಳೆದುಕೊಂಡಿತು ಎಂಬ ಲೆಕ್ಕ ಅದು. ಅಲ್ಲಿ ನೈಸಿನ ಮೇಲೆ ಕೊಳೆತ ಬಂಡೆ ಮತ್ತು ಮಣ್ಣಿನ ಹೊದಿಕೆ ಸರಾಸರಿ 17 ಮೀಟರ್ ದಪ್ಪ ಇದೆ. ಇಂಥ ಹೊದಿಕೆ ಒಂದು ಮೀಟರ್ ಆಳಕ್ಕಿಳಿಯಲು ಹತ್ತಾರು ಸಾವಿರ ವರ್ಷ, ಎಷ್ಟೋ ಕಡೆ ಲಕ್ಷ ವರ್ಷವೂ ಬೇಕು. ಸಂಡೂರಿನಲ್ಲಿ ಇಂಥ ಕೊಳೆಯುವಿಕೆಯಿಂದ ಉಂಟಾದ ಮ್ಯಾಂಗನೀಸ್ ಖನಿಜದ ವಯಸ್ಸನ್ನು ಅಳೆದಾಗ ಮೂರು ಕೋಟಿ ವರ್ಷಗಳ ಆಸುಪಾಸಿನ ಅಂಕಿಗಳು ಸಿಕ್ಕಿವೆ. ಪ್ರಯೋಗಶಾಲೆಯಲ್ಲಿ ಹೊಸದಾಗಿ ಪುಡಿ ಮಾಡಿದ ಫೆಲ್ಡ್‌ಸ್ಪಾರ್ ಕರಗುವ ವೇಗ ನೆಲದಲ್ಲಿ ಅದೇ ಖನಿಜ ಕರಗುವ ವೇಗಕ್ಕಿಂತ ನೂರಾರು, ಸಾವಿರಾರು ಪಟ್ಟು ಹೆಚ್ಚು. ಈಗ ಬಸಾಲ್ಟ್ ಪುಡಿಯನ್ನು ಹೊಲಗಳಿಗೆ ಹರಡಿ ಗಾಳಿಯ ಇಂಗಾಲವನ್ನು ಹಿಡಿದಿಡುವ ಯೋಜನೆಗಳು ಸುದ್ದಿಯಲ್ಲಿವೆ. ತತ್ವ ಸರಿ. ಬಂಡೆ ಕರಗುವಾಗ ಗಾಳಿಯ ಇಂಗಾಲ ಬೈಕಾರ್ಬನೇಟಾಗಿ ಕಡಲು ಸೇರುತ್ತದೆ, ಭೂಮಿಯ ಹವೆ ಕೋಟ್ಯಂತರ ವರ್ಷ ಹದ ತಪ್ಪದಿರುವುದಕ್ಕೆ ಇದು ದೊಡ್ಡ ಕಾರಣ. ಆದರೆ ಪ್ರಯೋಗಶಾಲೆಯ ವೇಗವನ್ನು ಹೊಲಕ್ಕೆ ಅನ್ವಯಿಸಿ ಮಾಡಿದ ಲೆಕ್ಕವನ್ನು ನಾನು ನೆಚ್ಚುವುದಿಲ್ಲ.

ಕೊನೆಗೆ ಧರೆಯ ವಿಚಾರ. ನಿಮ್ಮ ಪ್ರಶ್ನೆಗಳಲ್ಲಿ ಅತ್ಯಂತ ಮುಖ್ಯವಾದದ್ದು ಇದೇ ಎಂದು ನನ್ನ ಭಾವನೆ. ಮುರಕಲ್ಲನ್ನು ಗೋಡೆಯಷ್ಟು ನೇರವಾಗಿ ಕಡಿದರೂ ನಿಲ್ಲುತ್ತದೆ, ನಿಮ್ಮೂರಿನ ಹಳೆಯ ಕೋರೆಗಳೇ ಸಾಕ್ಷಿ. ಅದನ್ನು ನೋಡಿಯೇ ಜನ ಶೇಡಿಯನ್ನೂ ಹಾಗೇ ಕಡಿಯುತ್ತಾರೆ. ಬೇಸಿಗೆಯಲ್ಲಿ ಶೇಡಿ ಒಣಗಿ ಗಟ್ಟಿಯಾಗಿರುತ್ತದೆ, ಜೆಸಿಬಿ ಹಲ್ಲಿನ ಗುರುತು ಕೂಡ ಅಳಿಯದೆ ನಿಂತಿರುತ್ತದೆ. ಆಷಾಢದ ಮಳೆಗೆ ನೀರು ತುಂಬಿಕೊಂಡ ಕೂಡಲೇ ಅದರ ಬಲವೆಲ್ಲ ಹೋಗುತ್ತದೆ, ಹಿಂದೆ ಹೇಳಿದ ಬೆಣಚಿನ ಎಳೆ, ಹಳೆಯ ಬಿರುಕುಗಳ ಗುಂಟ ಒಮ್ಮೆಲೇ ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದದ್ದರಲ್ಲಿ ಅತಿಮಳೆಯ ಜೊತೆ, ಆಳವಾಗಿ ಕೊಳೆತ ಬಂಡೆಯ ಇಳಿಜಾರುಗಳನ್ನು ರಸ್ತೆಗೂ ಕಟ್ಟಡಕ್ಕೂ ಕಡಿದದ್ದರ ಪಾಲೂ ಇತ್ತು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಜೀವಗಳು ಹೋದವು.

ಆದ್ದರಿಂದ ಧರೆಯಲ್ಲಿ ಮೊದಲು ನೋಡಬೇಕಾದದ್ದು ಮುರಕಲ್ಲು ಎಲ್ಲಿ ಮುಗಿಯುತ್ತದೆ, ಶೇಡಿ ಎಲ್ಲಿ ಶುರುವಾಗುತ್ತದೆ ಎಂಬುದನ್ನು. ಕಡಿತ ಮುರಕಲ್ಲಿನೊಳಗೇ ಮುಗಿಯುವುದಾದರೆ ಧೈರ್ಯವಾಗಿ ಮಾಡಿ. ಶೇಡಿಗೆ ಇಳಿಯುವುದಾದರೆ ನೇರವಾಗಿ ಕಡಿಯಲೇಬೇಡಿ. ಮೆಟ್ಟಿಲು ಮೆಟ್ಟಿಲಾಗಿ, ಪ್ರತಿ ಮೆಟ್ಟಿಲನ್ನೂ ಹಿಂದಕ್ಕೆ ಓರೆ ಮಾಡಿ ಕಡಿಸಿ. ಧರೆಯ ನೆತ್ತಿಗಿಂತ ಮೇಲೆ ಅಗಳು ತೆಗೆದು ಗುಡ್ಡದ ನೀರು ಪಕ್ಕಕ್ಕೆ ಹೋಗುವಂತೆ ಮಾಡಿ. ತಡೆಗೋಡೆ ಕಟ್ಟುವುದಾದರೆ ಒಳಗಿನ ನೀರು ಹೊರಬರಲು ಕೊಳವೆಗಳನ್ನು ಬಿಡಿ, ಅವುಗಳ ಹಿಂದೆ ಜಲ್ಲಿ ತುಂಬಿಸಿ. ನೀರು ನಿಂತ ಗೋಡೆ ಎಷ್ಟೇ ದಪ್ಪವಿದ್ದರೂ ಒಂದಲ್ಲ ಒಂದು ಮಳೆಗಾಲದಲ್ಲಿ ಮಗುಚುತ್ತದೆ. ಬಾವಿಯಲ್ಲೂ ಶೇಡಿಯ ಮೂವತ್ತು ಅಡಿಗೆ ಈ ಮಳೆಗಾಲದ ಮೊದಲೇ ಕಲ್ಲು ಕಟ್ಟಿಸಿ ಅಥವಾ ಸಿಮೆಂಟ್ ರಿಂಗ್ ಇಳಿಸಿ. ಮುರಕಲ್ಲಿನ ಭಾಗಕ್ಕೆ ಅದರ ಅಗತ್ಯವಿಲ್ಲ. ಕೊಟ್ಟಿಗೆಯ ಗೋಡೆ ಧರೆಯ ಬುಡದಿಂದ ಕನಿಷ್ಠ ಧರೆಯ ಎತ್ತರದಷ್ಟಾದರೂ ದೂರವಿರಲಿ, ಸಗಣಿ ತೊಳೆದ ನೀರು ಬಾವಿಯ ಕಡೆ ಹರಿಯದಂತೆ ನೆಲದ ವಾಟವನ್ನು ಇನ್ನೊಂದು ದಿಕ್ಕಿಗೆ ಕೊಡಿಸಿ.